ಕೆಂಪು ದೀಪ ಉರಿಯುತ್ತದೆ, ಸೆಲ್ ಮಾತ್ರ ಏರುವುದಿಲ್ಲ: ಸುರಂಗದ ಟಾಂಕಿಯ ಲಿಥಿಯಂ ಚಾರ್ಜರ್

ಸುರಂಗದ ಬಾಯಿ (ಬಾಯಾರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕುಡಿಯುವ ನೀರೂ ತೋಟದ ಅರ್ಧ ಭಾಗದ ನೀರೂ ಗುಡ್ಡೆಯ ಸುರಂಗದಿಂದಲೇ ಬರುತ್ತವೆ. ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗದಲ್ಲಿ ಒಸರುವ ನೀರು ಅದರ ಬಾಯಿಯಲ್ಲಿರುವ ಸಿಮೆಂಟ್ ಟಾಂಕಿಯಲ್ಲಿ ತುಂಬಿ, ಅಲ್ಲಿಂದ ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತದೆ. ಬೇಸಗೆಯಲ್ಲಿ ಟಾಂಕಿ ತುಂಬುವುದಕ್ಕೆ ರಾತ್ರಿಯಿಡೀ ಬೇಕಾಗುವುದರಿಂದ, ತುಂಬಿತೋ ಇಲ್ಲವೋ ಎಂದು ನೋಡುವುದಕ್ಕಾಗಿಯೇ ಗುಡ್ಡೆ ಹತ್ತಬೇಕಾಗುತ್ತಿತ್ತು. ಮೊದಲು ಮನೆಯ ತನಕ ತಂತಿ ಎಳೆದಿದ್ದೆ. ತುಲಾ ತಿಂಗಳ ಒಂದೇ ಸಿಡಿಲಿಗೆ ಎರಡು ತುದಿಯೂ ಸುಟ್ಟುಹೋದವು. ಆಮೇಲೆ ತಂತಿಯನ್ನು ಬಿಟ್ಟು ರೇಡಿಯೋ ಟ್ರಾನ್ಸ್‌ಮಿಟರ್ ಇರುವ ಸಣ್ಣ ಪೆಟ್ಟಿಗೆಯೊಂದನ್ನು ಮಾಡಿದೆ.

ಅದರೊಳಗೆ ಇರುವುದು ಇಷ್ಟು: ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಡಿಸಿದ, ಉರುಳೆಯಂತಿರುವ ಎರಡು 18650 ಲಿಥಿಯಂ ಸೆಲ್‌ಗಳು, ಸಮಾಂತರವಾಗಿ, ಟಿಪಿ4056 ಚಾರ್ಜರ್ ಮಾಡ್ಯೂಲ್, ರಕ್ಷಣೆಯ ಐಸಿ (ಚಿಪ್) ಸಹಿತ ಇರುವಂಥದ್ದು, 6 ವೋಲ್ಟ್ 3 ವಾಟ್‌ನ ಸೌರ ಫಲಕ, ಸೆಲ್‌ನ ವೋಲ್ಟೇಜನ್ನು 5ಕ್ಕೆ ಏರಿಸುವ ಎಂಟಿ3608 ಮಾಡ್ಯೂಲ್, ಟ್ರಾನ್ಸ್‌ಮಿಟರ್, ಟಾಂಕಿಯೊಳಗೆ ಇಳಿಬಿಟ್ಟ ಫ್ಲೋಟ್ ಸ್ವಿಚ್. ನೀರು ಮೇಲೆ ಬಂದು ಫ್ಲೋಟ್ ಎದ್ದರೆ ಮನೆಯ ಚಾವಡಿಯಲ್ಲಿ ಬಜರ್ ಕೂಗುತ್ತದೆ. ಮಕರದಿಂದ ವೃಷಭದ ತನಕ ಒಂದು ದಿನವೂ ತಪ್ಪದೆ ನಡೆಯಿತು. ಮಳೆಗಾಲದಲ್ಲಿ ಆ ಕಡೆ ಹೋಗಲಿಲ್ಲ. ಮೊನ್ನೆ ಹೋಗಿ ನೋಡುವಾಗ ಫಲಕದ ಮೇಲೆ ಪಾಚಿ ಹಿಡಿದಿತ್ತು. ಅದರ ಮೇಲೆ ಒಂದು ಅಡಿಕೆ ಹಾಳೆ ಅಂಗಾತ ಬಿದ್ದಿತ್ತು. ಪೆಟ್ಟಿಗೆಯನ್ನು ಮನೆಗೆ ತಂದೆ.

ಈಗಿನ ತೊಂದರೆ ಹೀಗಿದೆ. ಸೆಲ್‌ನ ವೋಲ್ಟೇಜ್ 2.07 ಇತ್ತು. ಮೊಬೈಲಿನ ಹೊಸ ಚಾರ್ಜರಿಗೆ ಸಿಕ್ಕಿಸಿದರೆ ಮಾಡ್ಯೂಲಿನಲ್ಲಿ ಯಾವ ದೀಪವೂ ಬರುವುದಿಲ್ಲ. ಬಿಸಿಲಿನಲ್ಲಿ ಫಲಕಕ್ಕೆ ಜೋಡಿಸಿದರೆ ಕೆಂಪು ದೀಪ ಬರುತ್ತದೆ; ಆದರೆ ಎರಡು ದಿನ ಕಳೆದರೂ ಸೆಲ್ 2.2ರಿಂದ ಮೇಲೆ ಏರಲಿಲ್ಲ. ಮಾಡ್ಯೂಲ್ ಸತ್ತಿರಬೇಕೆಂದು ಹೊಸತನ್ನು ತಂದು ಹಾಕಿದೆ. ಹೊಸತೂ ಹಾಗೆಯೇ ಮಾಡುತ್ತಿದೆ. ಎರಡೂ ಒಟ್ಟಿಗೆ ಹಾಳಾಗಿರುವುದು ಸಾಧ್ಯವೇ?

ಬೆಸುಗೆ ಬದಿಯಡ್ಕ

ಎರಡು ಮಾಡ್ಯೂಲ್ ಒಂದೇ ರೀತಿ ವರ್ತಿಸಿದರೆ ಮಾಡ್ಯೂಲನ್ನು ಬಿಟ್ಟು ಉಳಿದದ್ದನ್ನು ನೋಡಬೇಕು. ನನ್ನ ಅಂಗಡಿಗೆ ಬರುವ ಟಾರ್ಚ್, ಸ್ಪೀಕರ್, ಹೆಡ್‌ಲೈಟುಗಳಲ್ಲಿ ಈ ಐಸಿ ನಿಜವಾಗಿ ಸತ್ತಿರುವುದು ಕಡಿಮೆ. ತಂತಿ ತಿರುವುಮುರುವು ಕೊಟ್ಟವರು, 12 ವೋಲ್ಟ್ ಫಲಕ ಕೊಟ್ಟವರು ಮಾತ್ರ ಅದನ್ನು ಕೊಲ್ಲುತ್ತಾರೆ. ಐಸಿ ತಾಳುವುದು 8 ವೋಲ್ಟ್ ತನಕ. 12 ವೋಲ್ಟಿನದ್ದೆಂದು ಮಾರುವ ಫಲಕ ಲೋಡಿಲ್ಲದೆ ಬಿಸಿಲಿನಲ್ಲಿ 20 ದಾಟುತ್ತದೆ.

ಸೆಲ್ ಬಹಳ ಇಳಿದಿರುವುದರಿಂದ, ಚೆನ್ನಾಗಿರುವ ಇನ್ನೊಂದು ಸೆಲ್ಲನ್ನು ಒಂದು ನಿಮಿಷ ಸಮಾಂತರವಾಗಿ ಮುಟ್ಟಿಸಿ ಎಬ್ಬಿಸಿ ನೋಡಬಹುದು. ನಾವು ಮಾಡುವುದು ಹಾಗೆಯೇ.

ಕುಂಬಳೆ ಮಾಷ್ಟ್ರು

ಬದಿಯಡ್ಕದವರು ಹೇಳಿದ ಮೊದಲ ಮಾತು ಸರಿ. ಎರಡನೆಯದನ್ನು ದಯವಿಟ್ಟು ಮಾಡಬೇಡಿ. ಲಿಥಿಯಂ ಅಯಾನ್ ಸೆಲ್ ಬಹುಕಾಲ 2 ವೋಲ್ಟಿನ ಆಸುಪಾಸಿನಲ್ಲಿ ಬಿದ್ದಿದ್ದರೆ, ಅದರ ಋಣ ಬದಿಯ ತಾಮ್ರದ ಹಾಳೆ ದ್ರಾವಣದಲ್ಲಿ ಕರಗಲು ತೊಡಗುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಸಿಕ್ಕಸಿಕ್ಕಲ್ಲಿ ಕೂತು ಒಳಗಿಂದೊಳಗೇ ಎರಡು ಬದಿಗಳನ್ನು ತಾಗಿಸಬಲ್ಲದು. ಹೊರಗೆ ಏನೂ ಕಾಣುವುದಿಲ್ಲ. ಚೆನ್ನಾಗಿರುವ ಸೆಲ್ಲನ್ನು ನೇರವಾಗಿ ಮುಟ್ಟಿಸಿದರೆ ಹರಿಯುವ ವಿದ್ಯುತ್ತಿಗೆ ಯಾವ ಕಡಿವಾಣವೂ ಇರುವುದಿಲ್ಲ. ಪರೀಕ್ಷೆ ಮಾಡುವುದಿದ್ದರೂ ಚಾವಡಿಯಲ್ಲಿ ಬೇಡ, ಅಂಗಳದಲ್ಲಿ ಕಲ್ಲಿನ ಮೇಲೆ ಇಟ್ಟು ಮಾಡಿ, ಮತ್ತು ಅದನ್ನು ಬಿಟ್ಟು ಎಲ್ಲಿಗೂ ಹೋಗಬೇಡಿ.

ಇನ್ನು ಮುಖ್ಯ ವಿಷಯ. ಈ ಐಸಿ ಚಾರ್ಜ್ ಮಾಡದಿದ್ದಾಗ ಹೆಚ್ಚಿನ ಸಂದರ್ಭಗಳಲ್ಲಿ ಅದು ತನಗೆ ವಿಧಿಸಿದ ನಿಯಮವನ್ನೇ ಪಾಲಿಸುತ್ತಿರುತ್ತದೆ. ಸೆಲ್ 2.9 ವೋಲ್ಟಿಗಿಂತ ಕೆಳಗಿದ್ದರೆ ನಿಗದಿಯಾದ ವಿದ್ಯುತ್ತಿನ ಹತ್ತನೆಯ ಒಂದಂಶದಷ್ಟನ್ನು ಮಾತ್ರ ಕೊಡಬೇಕು, ಅಲ್ಲಿಂದ ಮೇಲೆ ಪೂರ್ತಿ ಕೊಡಬೇಕು, 4.2ಕ್ಕೆ ಬಂದ ಮೇಲೆ ವೋಲ್ಟೇಜನ್ನು ಅಲ್ಲಿಯೇ ಹಿಡಿದು, ವಿದ್ಯುತ್ತು ತಾನಾಗಿ ಇಳಿದು ಮತ್ತೆ ಹತ್ತನೆಯ ಒಂದಂಶಕ್ಕೆ ಬಂದಾಗ ನಿಲ್ಲಿಸಬೇಕು. ಈಗ ಅದು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಕೆಂಪು ದೀಪ ಹೇಳುವುದಿಲ್ಲ, ಏಕೆಂದರೆ ಈ ಮೂರರಲ್ಲಿಯೂ ಅದು ಒಂದೇ ಸಮನೆ ಉರಿಯುತ್ತದೆ. ಅದನ್ನು ಹೇಳುವುದು ಐಸಿಯ ಎರಡನೆಯ ಕಾಲು, ಪ್ರೋಗ್ ಎಂಬ ಹೆಸರಿನದ್ದು. ಅದರಿಂದ ನೆಲಕ್ಕೆ 122 ಎಂದು ಬರೆದ ಸಣ್ಣ ರೆಸಿಸ್ಟರ್ ಇರುತ್ತದೆ, ಅಂದರೆ 1.2 ಕಿಲೋ ಓಮ್. ಆ ಕಾಲಿನ ವೋಲ್ಟೇಜನ್ನು ರೆಸಿಸ್ಟರಿನ ಬೆಲೆಯಿಂದ ಭಾಗಿಸಿ 1200ರಿಂದ ಗುಣಿಸಿದರೆ ಸೆಲ್ಲಿನ ಕಡೆಗೆ ಹೋಗುತ್ತಿರುವ ವಿದ್ಯುತ್ತು ಸಿಗುತ್ತದೆ. 1 ವೋಲ್ಟ್ ಕಂಡರೆ 1 ಆಂಪಿಯರ್. ಇದಕ್ಕಾಗಿ ತಂತಿ ಕತ್ತರಿಸಿ ನಡುವೆ ಮೀಟರ್ ಇಡಬೇಕಾಗಿಲ್ಲ. ಹಾಗೆ ಇಟ್ಟರೆ ಮೀಟರಿನ ಲೀಡುಗಳಲ್ಲಿಯೇ ಒಂದಷ್ಟು ವೋಲ್ಟೇಜ್ ಕಳೆದು ಲೆಕ್ಕ ತಪ್ಪುತ್ತದೆ.

ಫಲಕವನ್ನು ಸದ್ಯಕ್ಕೆ ಬದಿಗಿಡಿ. ಗಟ್ಟಿಯಾದ 5 ವೋಲ್ಟ್ ಸಿಕ್ಕಿದ ಮೇಲೆ ಇನ್‌ಪುಟ್, ಸೆಲ್ ಜೋಡಿಸುವ ಬಿ ಪ್ಲಸ್ ಮತ್ತು ಬಿ ಮೈನಸ್ ನಡುವೆ, ಲೋಡಿಗೆ (ವಿದ್ಯುತ್ತು ಬಳಸುವ ಭಾಗಕ್ಕೆ) ಕೊಡುವ ಔಟ್‌ನ ಎರಡು ತುದಿಗಳ ನಡುವೆ, ಕೊನೆಗೆ ಪ್ರೋಗ್ ಕಾಲಿನಲ್ಲಿ, ಈ ನಾಲ್ಕು ಕಡೆ ಅಳೆದು ಬರೆಯಿರಿ.

ಸರ್ಕ್ಯೂಟ್ ಮುಳ್ಳೇರಿಯ

ಆ ಗಟ್ಟಿಯಾದ 5 ವೋಲ್ಟ್ ಸಿಗದಿರುವುದಕ್ಕೆ ಕಾರಣ ನನಗೆ ಗೊತ್ತಿರಬಹುದು. ನಿಮ್ಮ ಮಾಡ್ಯೂಲಿನ ಬಾಯಿ ಯುಎಸ್‌ಬಿ ಸಿ ಆಗಿದ್ದು, ಮೊಬೈಲಿನ ಹೊಸ ಚಾರ್ಜರಿನ ಕೇಬಲ್ ಎರಡು ತುದಿಯಲ್ಲಿಯೂ ಸಿ ಆಗಿದೆಯೇ? ಅಂಥ ಚಾರ್ಜರು ಎದುರಿನ ತುದಿಯಲ್ಲಿ ತನ್ನಿಂದ ವಿದ್ಯುತ್ತು ಕೇಳುವ ಸಾಧನವೊಂದು ಇದೆಯೆಂದು ಗೊತ್ತಾಗುವ ತನಕ 5 ವೋಲ್ಟ್ ಹೊರಗೆ ಬಿಡುವುದೇ ಇಲ್ಲ. ಆ ಗುರುತನ್ನು ಕೊಡುವುದು ಸಿಸಿ1 ಮತ್ತು ಸಿಸಿ2 ಎಂಬ ಎರಡು ಕಾಲುಗಳಿಂದ ನೆಲಕ್ಕೆ ಇರಬೇಕಾದ ತಲಾ 5.1 ಕಿಲೋ ಓಮಿನ ರೆಸಿಸ್ಟರುಗಳು. ಅಗ್ಗದ ಮಾಡ್ಯೂಲುಗಳಲ್ಲಿ ಅವನ್ನು ಹಾಕಿರುವುದಿಲ್ಲ. ಸಾಕೆಟ್ಟಿನ ಹಿಂದೆ 512 ಎಂದು ಬರೆದ ಎರಡು ಕಣಗಳಂಥ ರೆಸಿಸ್ಟರುಗಳು ಇವೆಯೇ ನೋಡಿ. ಇಲ್ಲದಿದ್ದರೆ ಹಳೆಯ ಅಗಲ ಬಾಯಿಯ ಚಾರ್ಜರನ್ನು ಬಳಸಿ. ಅದು ಕೇಳದೆಯೇ 5 ವೋಲ್ಟ್ ಕೊಡುತ್ತದೆ.

ಸುರಂಗದ ಬಾಯಿ (ಬಾಯಾರು)

ಅಕ್ಕಾ, ನೀವು ಹೇಳಿದಂತೆಯೇ ಆಯಿತು. ಸಾಕೆಟ್ಟಿನ ಹಿಂದೆ ರೆಸಿಸ್ಟರಿಗಾಗಿ ಬಿಟ್ಟ ಜಾಗ ಕೂಡ ಇಲ್ಲ. ಅಮ್ಮನ ಹಳೆಯ ಮೊಬೈಲಿನ ಚಾರ್ಜರಿಗೆ ಹಾಕಿದ ಕೂಡಲೇ ಕೆಂಪು ದೀಪ ಬಂತು. ಎರಡು ಮಾಡ್ಯೂಲುಗಳ ಮೇಲೆ ಸುಮ್ಮನೆ ಅಪವಾದ ಹೊರಿಸಿದೆ.

ಮಾಷ್ಟ್ರೇ, ಅಂಗಳದಲ್ಲಿ ಅರೆಯುವ ಕಲ್ಲಿನ ಮೇಲಿಟ್ಟು ಅಳೆದದ್ದು ಇದು. ಇನ್‌ಪುಟ್ 5.02. ಬಿ ತುದಿಗಳ ನಡುವೆ 2.21. ಔಟ್ ತುದಿಗಳ ನಡುವೆ 2.83. ಪ್ರೋಗ್ 0.11. ಚಾರ್ಜರ್ ತೆಗೆದರೆ ಔಟ್‌ನಲ್ಲಿ ಏನೂ ಇರುವುದಿಲ್ಲ. ಸೆಲ್ಲಿನಲ್ಲಿ 2.21 ಇರುವಾಗ ಔಟ್‌ನಲ್ಲಿ ಅದಕ್ಕಿಂತ ಹೆಚ್ಚು ಹೇಗೆ ಬರುತ್ತದೆ? ಮೀಟರಿನ ಬ್ಯಾಟರಿ ಹೋಗಿರಬೇಕೆಂದು ಬೇರೆ ಮೀಟರಿನಲ್ಲಿಯೂ ಅಳೆದೆ. ಅದೇ ಲೆಕ್ಕ ಬಂತು.

ಸರ್ಕ್ಯೂಟ್ ಮುಳ್ಳೇರಿಯ

ಮೀಟರ್ ಸರಿಯಾಗಿಯೇ ಇದೆ. ಮಾಡ್ಯೂಲಿನಲ್ಲಿ ಟಿಪಿ4056 ಅಲ್ಲದೆ ಇನ್ನೆರಡು ಐಸಿಗಳಿವೆ: ಆರು ಕಾಲಿನ ಡಿಡಬ್ಲ್ಯೂ01ಎ ಮತ್ತು ಎಂಟು ಕಾಲಿನ 8205ಎ. ಮೊದಲನೆಯದು ಕಾವಲುಗಾರ, ಎರಡನೆಯದು ಬಾಗಿಲು. ಆ ಬಾಗಿಲು ಇರುವುದು ಬಿ ಮೈನಸ್ ಮತ್ತು ಔಟ್ ಮೈನಸ್‌ಗಳ ನಡುವೆ. ಟಿಪಿ4056ರ ನೆಲವೂ ಇನ್‌ಪುಟ್ಟಿನ ಮೈನಸ್ಸೂ ಸೇರಿರುವುದು ಔಟ್ ಮೈನಸ್ಸಿಗೆ. ಬಿ ಮೈನಸ್ಸಿಗೆ ಅಲ್ಲ. ಸೆಲ್ 2.4 ವೋಲ್ಟಿಗಿಂತ ಕೆಳಗೆ ಇಳಿದಾಗ ಕಾವಲುಗಾರ ಡಿಸ್ಚಾರ್ಜಿನ ಬಾಗಿಲನ್ನು ಮುಚ್ಚುತ್ತಾನೆ. ಹಾಗೆ ಮುಚ್ಚಿದ ಬಾಗಿಲಿನ, ಅಂದರೆ ಮಾಸ್‌ಫೆಟ್‌ನ ಒಳಗೆ ಹುಟ್ಟಿನಿಂದಲೇ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರುತ್ತದೆ. ಚಾರ್ಜಿಂಗಿನ ವಿದ್ಯುತ್ತು ಅದರ ಮೂಲಕ ನುಸುಳಿ ಹೋಗುತ್ತದೆ, ಆದರೆ ಹೋಗುವಾಗ ಸುಮಾರು 0.6 ವೋಲ್ಟ್ ಸುಂಕ ಕೊಟ್ಟು ಹೋಗುತ್ತದೆ. 2.21ಕ್ಕೆ 0.62 ಕೂಡಿದರೆ ನೀವು ಔಟ್‌ನಲ್ಲಿ ಕಂಡ 2.83. ಟಿಪಿ4056ಕ್ಕೆ ಸೆಲ್ 2.83ರಲ್ಲಿ ಇರುವಂತೆ ತೋರುತ್ತಿದೆ. ಅದೂ 2.9ಕ್ಕಿಂತ ಕಡಿಮೆಯೇ ಆದುದರಿಂದ ಅದು ಹನಿ ಹನಿಯಾಗಿ ಕೊಡುತ್ತಿದೆ. ಪ್ರೋಗ್ 0.11 ಅಂದರೆ 110 ಮಿಲಿಆಂಪ್. ಚಾರ್ಜರಿನಲ್ಲಿ ಯಾವ ದೋಷವೂ ಇಲ್ಲ.

ಪ್ರಶ್ನೆ ಉಳಿಯುವುದು ಒಂದೇ. 110 ಮಿಲಿಆಂಪ್ ಎರಡು ದಿನ ಹರಿದರೆ ಸೆಲ್ 3 ದಾಟಿ ಎಷ್ಟೋ ಹೊತ್ತಾಗಬೇಕಿತ್ತು. ಅದು ಎಲ್ಲಿಗೆ ಹೋಗುತ್ತಿದೆ? ಎಂಟಿ3608ರ ತಂತಿಗಳನ್ನು ಎಲ್ಲಿಗೆ ಬೆಸೆದಿದ್ದೀರಿ?

ಸುರಂಗದ ಬಾಯಿ (ಬಾಯಾರು)

ಬಿ ಪ್ಲಸ್ ಮತ್ತು ಬಿ ಮೈನಸ್‌ಗೆ. ಸೆಲ್ಲಿನ ತಂತಿ ಅಲ್ಲಿಯೇ ಇದ್ದುದರಿಂದ ಅದರ ಮೇಲೆಯೇ ಬೆಸೆದುಬಿಟ್ಟಿದ್ದೆ.

ಕುಂಬಳೆ ಮಾಷ್ಟ್ರು

ಅಲ್ಲಿಗೆ ಕಾವಲುಗಾರನ ಬೆನ್ನ ಹಿಂದಿನಿಂದ ದಾರಿ ಮಾಡಿಕೊಟ್ಟಂತಾಯಿತು. ಬಾಗಿಲು ಮುಚ್ಚಿದರೂ ಲೋಡು ಸೆಲ್ಲನ್ನು ಹೀರುತ್ತಲೇ ಇರುತ್ತದೆ. ಅದರ ಮೇಲೆ, ವೋಲ್ಟೇಜ್ ಏರಿಸುವ ಮಾಡ್ಯೂಲಿನ ಸ್ವಭಾವವನ್ನು ಗಮನಿಸಿ. ಅದು 5 ವೋಲ್ಟಿನ ಬದಿಯಲ್ಲಿ ಒಂದೇ ಪ್ರಮಾಣದ ಶಕ್ತಿಯನ್ನು ಕೊಡಬೇಕಾದುದರಿಂದ, ಸೆಲ್ ಇಳಿದಷ್ಟೂ ಅದು ಸೆಲ್ಲಿನಿಂದ ಎಳೆಯುವ ವಿದ್ಯುತ್ತು ಹೆಚ್ಚುತ್ತದೆ. 4 ವೋಲ್ಟಿನಲ್ಲಿ 55 ಮಿಲಿಆಂಪ್ ಎಳೆಯುವ ಲೋಡು 2.2 ವೋಲ್ಟಿನಲ್ಲಿ 100 ಎಳೆಯುತ್ತದೆ. ಸಾಮಾನ್ಯ ಬಲ್ಬಾದರೆ ವೋಲ್ಟೇಜ್ ಇಳಿದಂತೆ ತಾನೂ ಮಂಕಾಗುತ್ತದೆ; ಇದು ಹಸಿದವನಂತೆ ಕೊನೆಯ ತುತ್ತಿನ ತನಕ ವೇಗ ಹೆಚ್ಚಿಸುತ್ತಾ ಹೋಗುತ್ತದೆ. ಎಂಟಿ3608 ಸುಮಾರು 2 ವೋಲ್ಟಿನ ತನಕ ಕೆಲಸ ಮಾಡಬಲ್ಲದು. ನಿಮ್ಮ ಸೆಲ್ 2.07ಕ್ಕೆ ಬಂದು ನಿಂತದ್ದಕ್ಕೆ ಅದೇ ಕಾರಣವಿರಬೇಕು.

ಆದರೆ ಫ್ಲೋಟ್ ಕೆಳಗಿದ್ದರೆ ಟ್ರಾನ್ಸ್‌ಮಿಟರ್ ಸುಮ್ಮನಿರಬೇಕಲ್ಲ? ಲೋಡಿನ ಒಂದು ತಂತಿ ಬಿಡಿಸಿ, ನಡುವೆ ಮೀಟರ್ ಇಟ್ಟು ನೋಡಿ.

ಸುರಂಗದ ಬಾಯಿ (ಬಾಯಾರು)

107 ಮಿಲಿಆಂಪ್.

ಕಾರಣವೂ ಸಿಕ್ಕಿತು, ಹೇಳಲು ನಾಚಿಕೆಯಾಗುತ್ತದೆ. ಮುಚ್ಚಳ ತೆಗೆಯಲು ಅನುಕೂಲವಾಗಲೆಂದು ಪೆಟ್ಟಿಗೆಯನ್ನು ಮಗುಚಿ ಇಟ್ಟಿದ್ದೆ. ಫ್ಲೋಟ್ ಸ್ವಿಚ್ಚನ್ನು ಪೆಟ್ಟಿಗೆಯ ಬದಿಗೆ ಕಟ್ಟಿದ್ದರಿಂದ ಅದೂ ತಲೆಕೆಳಗಾಗಿ, ತೇಲುವ ಬೊಂಡು ಕೆಳಗೆ ಜಾರಿ, ಟಾಂಕಿ ತುಂಬಿದೆ ಎಂದು ಎರಡು ದಿನಗಳಿಂದ ಹೇಳುತ್ತಲೇ ಇದೆ. ಚಾವಡಿಯ ಬಜರನ್ನು ವೃಷಭದಲ್ಲಿಯೇ ತೆಗೆದಿಟ್ಟಿದ್ದರಿಂದ ಯಾರಿಗೂ ಕೇಳಲಿಲ್ಲ. ಈಗ ಯೋಚಿಸಿದರೆ ಮಳೆಗಾಲದ ಕಥೆಯೂ ಅದೇ. ಸುರಂಗ ಉಕ್ಕಿ ಹರಿಯುವ ತಿಂಗಳುಗಳಲ್ಲಿ ಟಾಂಕಿ ಯಾವಾಗಲೂ ತುಂಬಿಯೇ ಇರುತ್ತದೆ. ಫಲಕದ ಮೇಲೆ ಹಾಳೆ ಬಿದ್ದ ಮೇಲೆ, ಕೇಳುವವರಿಲ್ಲದ ಮನೆಗೆ ಅದು ಸೆಲ್ ಬತ್ತುವ ತನಕ ಸುದ್ದಿ ಕಳಿಸುತ್ತಿತ್ತು.

ಬೆಸುಗೆ ಬದಿಯಡ್ಕ

110 ಬಂದು 107 ಹೋದರೆ ಸೆಲ್ಲಿಗೆ ಉಳಿಯುವುದು ಮೂರು. ಸ್ಪೀಕರ್ ಆನ್ ಇಟ್ಟುಕೊಂಡೇ ಚಾರ್ಜಿಗೆ ಹಾಕಿ, ‘ಚಾರ್ಜ್ ಆಗುವುದಿಲ್ಲ’ ಎಂದು ತರುವವರು ವಾರಕ್ಕೆ ಇಬ್ಬರಾದರೂ ಇದ್ದಾರೆ. ಲೋಡನ್ನು ಬಿಡಿಸಿ ಚಾರ್ಜಿಗಿಡಿ.

ಕುಂಬಳೆ ಮಾಷ್ಟ್ರು

ಆ ಮೂರು ನನ್ನನ್ನು ಕಾಡುತ್ತಿದೆ. ಮೂರೇ ಆದರೂ ಒಂದು ದಿನಕ್ಕೆ 72 ಮಿಲಿಆಂಪ್ ಗಂಟೆಯಾಗುತ್ತದೆ. ಇಷ್ಟು ಕೆಳಗಿನ ವೋಲ್ಟೇಜಿನಲ್ಲಿ ಸೆಲ್ಲಿನೊಳಗೆ ಹಿಡಿಯುವ ಸಂಗ್ರಹ ಬಹಳ ಅಲ್ಪ. ಆ ಸ್ವಲ್ಪಕ್ಕೇ ಅದು ಗಮನಕ್ಕೆ ಬರುವಷ್ಟು ಏರಬೇಕಿತ್ತು. ಏರಿದಂತೆ ಲೋಡಿನ ಹಸಿವು ಕಡಿಮೆಯಾಗಿ ಇನ್ನೂ ಬೇಗ ಏರಬೇಕಿತ್ತು. ಹಾಗಾಗದೆ 2.2ರಲ್ಲಿಯೇ ನಿಂತಿದ್ದರೆ, ಒಂದೋ ಮೀಟರಿನ ತಪ್ಪು, ಇಲ್ಲವೇ ಕುಡಿಯುವವರು ಇನ್ನೊಬ್ಬರಿದ್ದಾರೆ. ಎರಡು ಸೆಲ್‌ಗಳ ನಡುವಿನ ಬೆಸುಗೆ ಬಿಡಿಸಿ, ಒಂದೊಂದನ್ನೇ ಯಾವುದಕ್ಕೂ ಜೋಡಿಸದೆ ಹೊರಗೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಅಳೆಯಿರಿ.

ಸುರಂಗದ ಬಾಯಿ (ಬಾಯಾರು)

ಮಾಷ್ಟ್ರೇ, ರಾತ್ರಿ ಎರಡೂ 2.21. ಬೆಳಿಗ್ಗೆ ಒಂದು 2.19, ಇನ್ನೊಂದು 1.58. ಯಾವುದೂ ಬಿಸಿಯಾಗಿರಲಿಲ್ಲ, ಉಬ್ಬಿರಲಿಲ್ಲ. ಒಂದು ಕೆಟ್ಟಿದೆ ಎಂದಾಯಿತು. 2.19 ಇರುವುದನ್ನು ಉಳಿಸಿಕೊಳ್ಳಬಹುದೇ?

ಕುಂಬಳೆ ಮಾಷ್ಟ್ರು

ನಾನಾದರೆ ಉಳಿಸಿಕೊಳ್ಳುವುದಿಲ್ಲ. ಅದು ಇದರ ಜೊತೆಗೆ ಸಮಾಂತರವಾಗಿ ಅಷ್ಟೂ ತಿಂಗಳು ಅದೇ ವೋಲ್ಟೇಜಿನಲ್ಲಿ ಬಿದ್ದಿತ್ತು. ಇಂದು ಚೆನ್ನಾಗಿ ಕಾಣುವುದು ನಾಳೆ ಕಂಗಿನ ಸೋಗೆಯ ನಡುವೆ, ಒಣ ತರಗೆಲೆಯ ಮೇಲೆ, ಯಾರೂ ಇಲ್ಲದಲ್ಲಿ ಚಾರ್ಜ್ ಆಗಲಿದೆ ಎಂಬುದನ್ನು ನೆನಪಿಡಿ. ಉಳಿತಾಯವಾಗುವುದು ಒಂದು ಸೆಲ್ಲಿನ ಬೆಲೆ. ತುದಿಗಳಿಗೆ ಟೇಪ್ ಸುತ್ತಿ, ಮನೆ ಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಇ-ತ್ಯಾಜ್ಯ ತೆಗೆದುಕೊಳ್ಳುವ ದಿನ ಕೇಳಿ ಕೊಡಿ. ತೆಂಗಿನ ಬುಡಕ್ಕೆ ಎಸೆಯಬೇಡಿ, ಒಲೆಗೆ ಹಾಕುವ ಕಸದೊಂದಿಗೆ ಸೇರಿಸಬೇಡಿ.

ಬೆಸುಗೆ ಬದಿಯಡ್ಕ

ಈ ವಿಷಯದಲ್ಲಿ ನಾನು ಮಾಷ್ಟ್ರಿಗೆ ಎದುರು ಹೇಳುವುದಿಲ್ಲ. ಸೆಲ್ ಮುಟ್ಟಿಸಿ ಎಬ್ಬಿಸುವುದು ವಾರದ ಹಿಂದೆ ಸತ್ತ ಟಾರ್ಚಿಗೆ ನಡೆಯುತ್ತದೆ ಎಂಬುದು ನನ್ನ ಅನುಭವ. ಮಳೆಗಾಲ ಕಳೆದು ಬಂದದ್ದಕ್ಕೆ ಹೇಳಬಾರದಿತ್ತು.

ಹೊಸ ಸೆಲ್ ಹಾಕುವಾಗ ಒಂದು ಮಾತು. ಜೋಡಿಸಿದ ಕೂಡಲೇ ಔಟ್‌ನಲ್ಲಿ ವೋಲ್ಟೇಜ್ ಬಾರದಿದ್ದರೆ ಹೆದರಬೇಡಿ. ಕಾವಲಿನ ಐಸಿ ಕೆಲವೊಮ್ಮೆ ಬಾಗಿಲು ಮುಚ್ಚಿಕೊಂಡೇ ಏಳುತ್ತದೆ. ಒಮ್ಮೆ ಚಾರ್ಜರ್ ತಗುಲಿಸಿದರೆ ತೆರೆಯುತ್ತದೆ.

ಮಂಜೇಶ್ವರ ಬಿಸಿಲು

ಸೌರ ದೀಪಗಳ ಕೆಲಸ ಮಾಡುವವನಾಗಿ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪೇಟೆಯಲ್ಲಿ 18650 ಎಂದು ಕೇಳಿದರೆ ಎರಡು ಜಾತಿಯ ಸೆಲ್ಲುಗಳನ್ನು ಕೊಡುತ್ತಾರೆ. ಗಾತ್ರ ಎರಡಕ್ಕೂ ಒಂದೇ, ಏಕೆಂದರೆ ಆ ಸಂಖ್ಯೆ ಹೇಳುವುದು 18 ಮಿಲಿಮೀಟರ್ ದಪ್ಪ ಮತ್ತು 65 ಮಿಲಿಮೀಟರ್ ಉದ್ದವನ್ನು ಮಾತ್ರ. ಮೈಮೇಲೆ 3.6 ಅಥವಾ 3.7 ವೋಲ್ಟ್ ಎಂದಿದ್ದರೆ ನಿಮ್ಮ ಚಾರ್ಜರಿಗೆ ಹೊಂದುತ್ತದೆ. 3.2 ಎಂದಿದ್ದರೆ ಅದು ಲಿಥಿಯಂ ಐರನ್ ಫಾಸ್ಫೇಟ್; ಅಂಗಳದ ಸೌರ ದೀಪಗಳಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಅದರ ಪೂರ್ತಿ ಚಾರ್ಜ್ 3.6ರ ಹತ್ತಿರಕ್ಕೆ ಮುಗಿಯುತ್ತದೆ. ಟಿಪಿ4056ಕ್ಕೆ ಅದು ಗೊತ್ತಾಗುವುದಿಲ್ಲ, 4.2ಕ್ಕೆ ಏರಿಸಲು ದಿನಾ ತಳ್ಳುತ್ತಲೇ ಇರುತ್ತದೆ. ಆ ಜಾತಿಯ ಸೆಲ್ ಬೇಕೇಬೇಕಾದರೆ 3.6ಕ್ಕೆ ಹೊಂದಿಸಬಹುದಾದ ಟಿಪಿ5000 ಮಾಡ್ಯೂಲ್ ಬಳಸಬೇಕು.

ಸುರಂಗದ ಬಾಯಿ (ಬಾಯಾರು)

ಕಾಸರಗೋಡಿನ ಪೇಟೆಯಲ್ಲಿ ಒಂದು ಅಂಗಡಿಯವರು ನನ್ನ ಕೈಗೆ ಮೊದಲು ಇಟ್ಟದ್ದು 3.2ರದ್ದನ್ನೇ. ಮಂಜೇಶ್ವರದವರ ಬರಹ ಓದದಿದ್ದರೆ ತಂದುಬಿಡುತ್ತಿದ್ದೆ. ಬೇರೆ ಅಂಗಡಿಯಲ್ಲಿ 3.7ರದ್ದು ಒಂದೇ ಒಂದು ತೆಗೆದುಕೊಂಡೆ. ಒಂದು ಸಾಕು ಎಂದು ಲೆಕ್ಕದಿಂದ ತೋರಿತು. ಲೋಡಿನ ತಂತಿಗಳನ್ನು ಔಟ್‌ಗೆ ಬದಲಾಯಿಸಿದೆ. ಹಳೆಯ ಚಾರ್ಜರಿಗೆ ಹಾಕಿದಾಗ ಸೆಲ್ 3.61, ಪ್ರೋಗ್ 0.99. ಐಸಿ ಬೆರಳಿಡಲಾಗದಷ್ಟು ಬಿಸಿಯಾಯಿತು. ಮೂರು ಗಂಟೆ ಕಳೆದಾಗ ಚಾರ್ಜ್ ಮುಗಿಯಿತೆಂದು ಹೇಳುವ ನೀಲಿ ದೀಪ ಬಂತು, ಸೆಲ್ 4.19.

ಆದರೆ ಫಲಕಕ್ಕೆ ಜೋಡಿಸಿದರೆ ಕೆಂಪು ದೀಪ ಮಿಣುಕುತ್ತದೆ. ಮಟಮಟ ಮಧ್ಯಾಹ್ನವೂ ಸ್ಥಿರವಾಗಿ ನಿಲ್ಲುವುದಿಲ್ಲ. ಲೋಡಿಲ್ಲದೆ ಫಲಕದಲ್ಲಿ 7.1 ಇದೆ, ಮಾಡ್ಯೂಲಿಗೆ ಕೊಟ್ಟರೆ ಮೀಟರಿನ ಅಂಕೆಗಳು 3.6 ಮತ್ತು 5ರ ನಡುವೆ ಓಡಾಡುತ್ತವೆ.

ಸರ್ಕ್ಯೂಟ್ ಮುಳ್ಳೇರಿಯ

ಬಿಸಿಯಾಗುವುದು ಸಹಜ. ಇದು ಲೀನಿಯರ್ ಚಾರ್ಜರ್. 5 ಮತ್ತು 3.7ರ ನಡುವಿನ 1.3 ವೋಲ್ಟ್, 1 ಆಂಪಿಯರ್ ಎಂದರೆ 1.3 ವಾಟ್ ಆ ಪುಟ್ಟ ಮೈಯಲ್ಲಿಯೇ ಸುಡಬೇಕು. ಅತಿಯಾದರೆ ತಾನಾಗಿ ವಿದ್ಯುತ್ತನ್ನು ಇಳಿಸಿಕೊಳ್ಳುತ್ತದೆ.

ಫಲಕದ ಮಿಣುಕಿಗೆ ಕಾರಣ ಬೇರೆ. 3 ವಾಟನ್ನು 6 ವೋಲ್ಟಿನಿಂದ ಭಾಗಿಸಿದರೆ ಅರ್ಧ ಆಂಪಿಯರ್, ಅದೂ ಪ್ರಯೋಗಶಾಲೆಯ ಬಿಸಿಲಿನಲ್ಲಿ. 122 ರೆಸಿಸ್ಟರ್ ಇರುವ ತನಕ ಐಸಿ ಕೇಳುವುದು 1 ಆಂಪಿಯರ್. ಇಲ್ಲದ್ದನ್ನು ಕೇಳಿದಾಗ ಫಲಕದ ವೋಲ್ಟೇಜ್ ಕುಸಿಯುತ್ತದೆ. ಸುಮಾರು 3.7ಕ್ಕಿಂತ ಕೆಳಗೆ ಬಂದರೆ, ಇಲ್ಲವೇ ಸೆಲ್ಲಿನ ವೋಲ್ಟೇಜಿಗೆ ತೀರಾ ಸಮೀಪಿಸಿದರೆ ಐಸಿ ಕೆಲಸ ನಿಲ್ಲಿಸುತ್ತದೆ. ನಿಲ್ಲಿಸಿದ ಕೂಡಲೇ ಫಲಕ ಮತ್ತೆ ಏಳುತ್ತದೆ, ಐಸಿ ಮತ್ತೆ 1 ಆಂಪಿಯರ್ ಕೇಳುತ್ತದೆ. ನೀವು ಕಾಣುತ್ತಿರುವುದು ಆ ಜಗ್ಗಾಟವನ್ನು. ಕಳೆದ ಬೇಸಗೆಯಲ್ಲಿಯೂ ಇದು ನಡೆದಿರಲೇಬೇಕು. ಮುಚ್ಚಳದೊಳಗೆ ಯಾರೂ ನೋಡಿರಲಿಲ್ಲ, ಮತ್ತು ಆಗ ಲೋಡು ರಾತ್ರಿಯ ಕೊನೆಗೆ ಮಾತ್ರ ಇರುತ್ತಿದ್ದುದರಿಂದ ಸಿಕ್ಕಿದಷ್ಟೇ ಸಾಕಾಗುತ್ತಿತ್ತು.

ಪ್ರೋಗ್ ರೆಸಿಸ್ಟರನ್ನು 3.3 ಕಿಲೋ ಓಮಿಗೆ ಬದಲಾಯಿಸಿ. 1200ನ್ನು 3.3ರಿಂದ ಭಾಗಿಸಿದರೆ ಸುಮಾರು 364 ಮಿಲಿಆಂಪ್. ನಿಮ್ಮ ಫಲಕಕ್ಕೆ ಅದು ದಕ್ಕುತ್ತದೆ.

ಮಂಜೇಶ್ವರ ಬಿಸಿಲು

ಫಲಕದ ಜಾಗವನ್ನೂ ನೋಡಿ. ಅದರೊಳಗಿನ ಪಟ್ಟಿಗಳೆಲ್ಲ ಸರಣಿಯಲ್ಲಿರುವುದರಿಂದ ಒಂದು ಕಂಗಿನ ಸೋಗೆಯ ನೆರಳು ಒಂದೇ ಪಟ್ಟಿಯ ಮೇಲೆ ಬಿದ್ದರೂ ಇಡೀ ಫಲಕ ಸೊರಗುತ್ತದೆ. ಮುಂದೆ ಹೊಸ ಮಾಡ್ಯೂಲ್ ಕೊಳ್ಳುವುದಾದರೆ ಸಿಎನ್3065 ಸಿಗುತ್ತದೆಯೇ ವಿಚಾರಿಸಿ. ಫಲಕ ಕೊಡಬಲ್ಲಷ್ಟಕ್ಕೆ ತನ್ನ ಬೇಡಿಕೆಯನ್ನು ಅದು ತಾನೇ ಇಳಿಸಿಕೊಳ್ಳುತ್ತದೆ.

ಉಪ್ಪಳ ವಿದ್ಯಾರ್ಥಿ

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ಐಸಿಗೆ ಉಷ್ಣತೆ ನೋಡುವ ಟೆಂಪ್ ಕಾಲು ಇದೆ ಎಂದು ಓದಿದ್ದೇನೆ. ಅದರಿಂದಾಗಿ ಚಾರ್ಜ್ ನಿಂತಿರಬಹುದೇ ಎಂದು ಯಾರೂ ಏಕೆ ಕೇಳಲಿಲ್ಲ?

ಸರ್ಕ್ಯೂಟ್ ಮುಳ್ಳೇರಿಯ

ಒಳ್ಳೆಯ ಪ್ರಶ್ನೆ. ಆ ಮೊದಲನೆಯ ಕಾಲಿನ ವೋಲ್ಟೇಜ್ ಇನ್‌ಪುಟ್ಟಿನ ಶೇಕಡಾ 45ಕ್ಕಿಂತ ಕೆಳಗೆ ಅಥವಾ 80ಕ್ಕಿಂತ ಮೇಲೆ ಹೋದರೆ ಚಾರ್ಜಿಂಗ್ ನಿಲ್ಲುತ್ತದೆ. ಆದರೆ ಕಾಲನ್ನು ನೆಲಕ್ಕೆ ಸೇರಿಸಿದರೆ ಈ ಕಾವಲು ರದ್ದಾಗುತ್ತದೆ, ಮತ್ತು ಪೇಟೆಯಲ್ಲಿ ಸಿಗುವ ಈ ನೀಲಿ ಮಾಡ್ಯೂಲುಗಳಲ್ಲಿ ಹಾಗೆಯೇ ಮಾಡಿರುತ್ತಾರೆ. ನೀವೇ ಬೋರ್ಡ್ ಮಾಡಿ ಆ ಕಾಲನ್ನು ಎಲ್ಲಿಗೂ ಸೇರಿಸದೆ ಬಿಟ್ಟರೆ ಮಾತ್ರ ಅದು ಕಾಡುತ್ತದೆ.

ಸುರಂಗದ ಬಾಯಿ (ಬಾಯಾರು)

ನಿನ್ನೆ ಬದಿಯಡ್ಕಕ್ಕೆ ಹೋಗಿ ಬಂದೆ. ನಾನು ಅಂಗಡಿಗೆ ಮುಟ್ಟುವಾಗ ಕರೆಂಟು ಇರಲಿಲ್ಲ. ಮುಕ್ಕಾಲು ಗಂಟೆ ಬೆಂಚಿನಲ್ಲಿ ಕೂತು ಗುಡುಗು ಕೇಳಿದೆವು. ಕರೆಂಟು ಬಂದ ಮೇಲೆ ಅಣ್ಣ ಕಡ್ಡಿಯ ತುದಿಯಲ್ಲಿ ಒಂದು ಹನಿ ಸೀಸ ಹಿಡಿದು, ಸಾಸಿವೆಯ ಗಾತ್ರದ ಆ 122ರ ಎರಡು ತುದಿಯನ್ನೂ ಒಟ್ಟಿಗೆ ಕರಗಿಸಿ ಒರಸಿದಂತೆ ತೆಗೆದರು. ಅದರ ಜಾಗಕ್ಕೆ ಕೂರುವಂಥ 3.3 ಕಿಲೋದ ಸಣ್ಣ ರೆಸಿಸ್ಟರ್ ಅವರಲ್ಲಿರಲಿಲ್ಲ. ಹಳೆಯ ರೇಡಿಯೋದಿಂದ ಬಿಡಿಸಿದ, ಕಿತ್ತಳೆ ಕಿತ್ತಳೆ ಕೆಂಪು ಪಟ್ಟೆಯ ಸಾಮಾನ್ಯ ರೆಸಿಸ್ಟರಿನ ಕಾಲುಗಳನ್ನು ಗಿಡ್ಡ ಮಾಡಿ ಬೆಸೆದು, ಅಲ್ಲಾಡದಂತೆ ಅಂಟು ಹಾಕಿಕೊಟ್ಟರು. ಫ್ಲೋಟ್ ಸ್ವಿಚ್ಚನ್ನೂ ಎಂಟಿ3608ರ ಹಿಂದಿನ ದಾರಿಗೆ ತಂದರು. ಟಾಂಕಿ ತುಂಬದಿದ್ದರೆ ಆ ಮಾಡ್ಯೂಲಿಗೂ ಈಗ ವಿದ್ಯುತ್ತು ಹೋಗುವುದಿಲ್ಲ.

ಸರ್ಕ್ಯೂಟ್ ಮುಳ್ಳೇರಿಯ

ಚೆನ್ನಾಯಿತು. ಆದರೆ ಬರುವ ಮಳೆಗಾಲದಲ್ಲಿ ಟಾಂಕಿ ಮತ್ತೆ ತಿಂಗಳುಗಟ್ಟಲೆ ತುಂಬಿರುತ್ತದೆ, ಫ್ಲೋಟ್ ಎದ್ದೇ ಇರುತ್ತದೆ. ಈ ಸಲ ಕಾವಲಿನ ಐಸಿ 2.4ಕ್ಕೆ ಕತ್ತರಿಸುತ್ತದೆ ನಿಜ. ಹಾಗೆಂದು ಅಲ್ಲಿಯ ತನಕ ಇಳಿಯಲು ಬಿಡುವುದು ಸೆಲ್ಲಿಗೆ ಒಳ್ಳೆಯದಲ್ಲ. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವಾಗ ನೀವು ಈ ಪೆಟ್ಟಿಗೆಯನ್ನು ಬಿಚ್ಚಿ ಮನೆಗೆ ತನ್ನಿ. ಸೆಲ್ 3.7 ಅಥವಾ 3.8ರಲ್ಲಿರುವಾಗ ತಂತಿ ಬಿಡಿಸಿ ತಂಪಾದ ಜಾಗದಲ್ಲಿಡಿ. ಪೂರ್ತಿ ತುಂಬಿಸಿ ಇಡುವುದಕ್ಕಿಂತ ಅದು ಹೆಚ್ಚು ಬಾಳುತ್ತದೆ.

ಸುರಂಗದ ಬಾಯಿ (ಬಾಯಾರು)

ಫಲಕವನ್ನು ಸೋಗೆಯ ನೆರಳಿನಿಂದ ಆಚೆಗೆ, ಮುರಕಲ್ಲಿನ ಕಟ್ಟೆಯ ಮೇಲೆ ಓರೆಯಾಗಿ ನಿಲ್ಲಿಸಿದೆ. ಬೆಳಿಗ್ಗೆ 10:30ಕ್ಕೆ ಕೆಂಪು ದೀಪ ಸ್ಥಿರ, ಇನ್‌ಪುಟ್ 5.6, ಪ್ರೋಗ್ 1.00. ಮೋಡ ಬಂದಾಗ ಒಂದೆರಡು ಸಲ ಮಿಣುಕಿತು, ಬಿಸಿಲು ಬಂದ ಮೇಲೆ ನಿಂತಿತು. ಮಧ್ಯಾಹ್ನ 1 ಗಂಟೆಗೆ ಸೆಲ್ 4.18, ಪ್ರೋಗ್ 0.4ಕ್ಕೆ ಇಳಿದಿತ್ತು. 2:40ಕ್ಕೆ ನೀಲಿ ದೀಪ ಬಂತು.

ರಾತ್ರಿ ಬಜರನ್ನು ಚಾವಡಿಯಲ್ಲಿ ಮತ್ತೆ ತೂಗುಹಾಕಿದೆ. ಎರಡೂವರೆ ಗಂಟೆಗೆ ಟಾಂಕಿ ತುಂಬಿ ಅದು ಕೂಗಿತು, ಮನೆಯವರೆಲ್ಲ ಎದ್ದರು. ಬಜರಿಗೊಂದು ಸ್ವಿಚ್ ಹಾಕಬೇಕೆಂದು ಅಮ್ಮ ಹೇಳಿದ್ದಾರೆ. ಬದಿಯಡ್ಕದ ಅಣ್ಣಾ, ಒಂದು ಸಣ್ಣ ಜಾರುವ ಸ್ವಿಚ್ ಇದ್ದರೆ ತೆಗೆದಿಡಿ, ಶನಿವಾರ ಬರುತ್ತೇನೆ.